ದ್ರಾಕ್ಷಿಯ ಪೆಟ್ರೋಲ್ ವ್ರತ

ಮಡಗಾಂವ
೨೨ ಮಾರ್ಚ್ ೨೦೦೩

ಖಾತುನಾ,

ಎರಡು ವರ್ಷ ಒಂದು ಸಾಲನ್ನೂ ಬರೆಯದವಳು ಈಗ ಏಕಾಏಕಿ ಬರೆಯುತ್ತಿದ್ದೇನೆ. ಬಯ್ಯುವುದಿದ್ದರೆ ಆಮೇಲೆ ಬಯ್ಯಿ. ಮೊದಲು, ಗಂಡ ಹೆಂಡತಿ ಇಬ್ಬರೂ ಕ್ಷೇಮವಾಗಿದ್ದೇವೆ ಅಂತ ಒಂದು ಮಾತು ಬರೆದು ಹಾಕು.

ಮೊನ್ನೆ ಬೆಳಿಗ್ಗೆ ಟಿ.ವಿ. ಹಾಕಿದರೆ ಇರಾಕಿನ ಮೇಲೆ ಬಾಂಬು ಬೀಳುತ್ತಿತ್ತು. ನಕಾಶೆ ತೋರಿಸಿದರು. ಅದರಲ್ಲಿ ನಿಮ್ಮ ಕುವೈತ್ ನನ್ನ ಕಿರುಬೆರಳಿನ ಉಗುರಿನಷ್ಟಿದೆ. ಅಷ್ಟು ಸಣ್ಣ ಜಾಗದಲ್ಲಿ ನೀನು ಎಲ್ಲಿ ಅಡಗಿಕೊಳ್ಳಬೇಕು? ಧಾರವಾಡದಲ್ಲಿ ನಮ್ಮ ಓಣಿಯಲ್ಲಿ ಕಣ್ಣುಮುಚ್ಚಾಲೆ ಆಡುವಾಗಲೇ ನಿನಗೆ ಅಡಗಲು ಬರುತ್ತಿರಲಿಲ್ಲ, ನಗು ತಡೆಯಲಾಗದೆ ಸಿಕ್ಕಿಬೀಳುತ್ತಿದ್ದೆ. ಬೂತ್‌ಗೆ ಹೋಗಿ ನಿಮ್ಮ ಯಜಮಾನರ, ರಾಜಮಹ್ಮದ ಅಣ್ಣನ ಕಂಪನಿಗೆ ಫೋನ್ ಹಚ್ಚಿಸಿದೆ. ಯಾವಳೋ ಒಬ್ಬಳು ಅರಬ್ಬಿಯಲ್ಲಿ ಮಾತಾಡುತ್ತಲೇ ಇದ್ದಳು. ನಾನೂ ಕನ್ನಡದಲ್ಲಿ ಮಾತಾಡುತ್ತಲೇ ಇದ್ದೆ. ಬೂತಿನವನು ಹೇಳಿದ ಮೇಲೆ ತಿಳಿಯಿತು, ಅದು ಟೇಪು ಅಂತ.

ನಿನ್ನೆ ನಮ್ಮ ಯಜಮಾನರು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಪೆಟ್ರೋಲ್ ಪಂಪಿಗೆ ಹೋದರು. ದರ ಏರುತ್ತದೆ, ಸ್ಟಾಕು ಮುಗಿಯುತ್ತದೆ ಅಂತ ಸುದ್ದಿ ಹಬ್ಬಿ ಅಲ್ಲಿ ಜಾತ್ರೆ ನೆರೆದಿತ್ತು. ಜನ ಬಾಟಲಿ, ಡಬ್ಬಿ ಹಿಡಿದು ನಿಂತಿದ್ದರು, ಒಬ್ಬನಂತೂ ಹಾಲಿನ ಕ್ಯಾನನ್ನೇ ತಂದಿದ್ದ. ನಾನು ಕೇಳಿದೆ, "ಅಲ್ಲರೀ, ಈ ಎಣ್ಣಿ ಎಲ್ಲಿಂದ ಬರತೈತಿ?"

"ಅಲ್ಲಿಂದನ. ಖಾತುನ ಇರೋ ಕಡೆಯಿಂದ. ಮತ್ತೇನು ನಿನ್ನ ತವರುಮನಿಯಿಂದ ಬರತೈತೇನು?"

ಅವರು ಹಾಸ್ಯಕ್ಕೆ ಹೇಳಿದ್ದು. ಆದರೆ ನನ್ನ ಕಾಲು ತಾವೇ ನೆಲಕ್ಕೆ ಇಳಿದವು. ನೀನು ಅಲ್ಲಿ ಬಾಂಬಿನ ಕೆಳಗೆ ಕೂತಿರುವಾಗ ನಾನು ಇಲ್ಲಿ ಅದೇ ಎಣ್ಣೆಗೆ ನೂಕಾಡುತ್ತ ನಿಂತಿದ್ದೇನೆ ಅನ್ನಿಸಿತು. ಸೆರಗು ಬಿಗಿದು ಮನೆಗೆ ನಡೆದೇ ಬಂದೆ. ಸಂಜೆ ಧಾರವಾಡ ರೇಡಿಯೋದಲ್ಲಿ ಯಾರೋ ಸಾಹೇಬರು ಮಾತಾಡಿದರು. ನಮ್ಮ ದೇಶದ ಎಣ್ಣೆಯಲ್ಲಿ ಮುಕ್ಕಾಲು ಪಾಲು ಹೊರಗಿನದಂತೆ. ಹೊರಗೆ ಎಲ್ಲೇ ಯುದ್ಧವಾದರೂ ನಮ್ಮ ಒಲೆ ನಡುಗುತ್ತದಂತೆ, ಮನೆಮನೆಯೂ ಉಳಿಸಬೇಕಂತೆ. ಎಲ್ಲರೂ ಕೇಳಿ ರೇಡಿಯೋ ಆರಿಸಿದರು. ನಾನು ದೇವರ ಮುಂದೆ ಕೂತು ಒಂದು ಮಾತು ಕೊಟ್ಟೆ.

ಖಾತುನಾ, ನೀನು ನನ್ನ ಮನೆಯ ಹೊಸ್ತಿಲು ದಾಟಿ ಒಳಗೆ ಬರುವ ತನಕ, ಪೆಟ್ರೋಲ್ ಡೀಸೆಲ್ ಕುಡಿಯುವ ಯಾವ ಗಾಡಿಯಲ್ಲೂ ನಾನು ಕೂಡುವುದಿಲ್ಲ. ಸೋಮವಾರದ ದಿನ ಮನೆಯಲ್ಲಿ ಗ್ಯಾಸ್ ಹಚ್ಚುವುದಿಲ್ಲ. ಗಂಡನ ಆಯುಷ್ಯಕ್ಕೆ ವ್ರತ ಮಾಡುತ್ತಾರೆ, ಗೆಳತಿಗಾಗಿ ಯಾಕೆ ಮಾಡಬಾರದು?

ಸುಮ್ಮನೆ ಹಟ ಮಾಡದೆ ಬಂದುಬಿಡು.

ನಿನ್ನ
ದ್ರಾಕ್ಷಿ


ಕುವೈತ್
೫ ಏಪ್ರಿಲ್ ೨೦೦೩

ಹುಚ್ಚಿ ದ್ರಾಕ್ಷಾಯಿಣಿಗೆ,

ಇಬ್ಬರೂ ಕ್ಷೇಮವಾಗಿದ್ದೇವೆ. ನಿನ್ನ ಅಪ್ಪಣೆಯಂತೆ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಪಕ್ಕದ ಮನೆಯ ಹಸೀನಾ ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಟಿದ್ದಾಳೆ. ಈ ಪತ್ರವನ್ನು ಮುಂಬಯಿಯಲ್ಲಿ ಡಬ್ಬಿಗೆ ಹಾಕುತ್ತಾಳೆ.

ಇಲ್ಲಿ ಸೈರನ್ ಕೂಗುತ್ತದೆ. ಕೂಗಿದಾಗ ಎಲ್ಲರೂ ಮೆಟ್ಟಿಲ ಕೆಳಗಿನ ಕೋಣೆಗೆ ಇಳಿಯುತ್ತೇವೆ. ಕಿಟಕಿಗಳಿಗೆ ಅಗಲವಾದ ಪಟ್ಟಿ ಅಂಟಿಸಿದ್ದೇವೆ. ನಾನು ಹೊಲಿಯುವ ಮಶೀನನ್ನೂ ಕೆಳಗೆ ಒಯ್ದಿಟ್ಟಿದ್ದೇನೆ, ಸುಮ್ಮನೆ ಕೂತರೆ ಕಿವಿಯೆಲ್ಲ ಸೈರನ್ನಿನ ಕಡೆಗೇ, ರವಿಕೆ ಹೊಲಿದರೆ ಮಶೀನಿನ ಸದ್ದಷ್ಟೇ ಕೇಳುತ್ತದೆ. ಅಲ್ಲಿ ಕೂತೇ ನಿನ್ನ ಪತ್ರ ಓದಿದೆ. ಟೇಪಿನ ಹೆಂಗಸಿನ ಜೊತೆ ನೀನು ಕನ್ನಡದಲ್ಲಿ ಮಾತಾಡಿದ್ದು ಓದಿ, ಸೈರನ್ ಕೂಗುತ್ತಿದ್ದಾಗಲೇ ಬಿದ್ದು ಬಿದ್ದು ನಕ್ಕೆ. ಕೇರಳದ ನರ್ಸಮ್ಮ ಒಬ್ಬಳು ನನಗೆ ಭಯದಿಂದ ತಲೆ ಕೆಟ್ಟಿತೆಂದು ನೀರು ಕುಡಿಸಿದಳು.

ದ್ರಾಕ್ಷೀ, ಇಲ್ಲಿ ಕುಡಿಯುವ ನೀರಿಗಿಂತ ಪೆಟ್ರೋಲ್ ಅಗ್ಗ. ಯಾರೂ ನಡೆಯುವುದೇ ಇಲ್ಲ. ಎದುರಿನ ಅಂಗಡಿಗೂ ಕಾರು. ನೀನು ಸ್ಕೂಟರ್ ಇಳಿದಿದ್ದಕ್ಕೆ ಯಾವ ವಿಮಾನವೂ ಹಿಂತಿರುಗುವುದಿಲ್ಲ. ಬಿಸಿಲಿನಲ್ಲಿ ನಡೆದು ನಡೆದು ಕಾಯಿಲೆ ಬೀಳಬೇಡ. ವ್ರತ ಬಿಡು. ದೇವರ ಹತ್ತಿರ ನನ್ನ ಹೆಸರು ಹೇಳಿ ಮಾಫಿ ಕೇಳು, ಅವನೂ ನಿನ್ನನ್ನು ಬಲ್ಲ.

ನಾವು ಬರುವುದಾಗದು. ಇವರ ಪಾಸ್‌ಪೋರ್ಟು ಕಂಪನಿಯವರ ಕೈಯಲ್ಲಿದೆ. ಇವರನ್ನು ಬಿಟ್ಟು ನಾನೊಬ್ಬಳೇ ಬರಲಾರೆ. ಉತ್ತರದ ರಸ್ತೆ ತೆರೆದರೆ ಡೀಸೆಲ್ ತುಂಬಿದ ಟ್ಯಾಂಕರ್ ತೆಗೆದುಕೊಂಡು ಇರಾಕಿನ ಗಡಿ ದಾಟಬೇಕು ಅಂತ ಇವರಿಗೂ ಉಳಿದ ಡ್ರೈವರುಗಳಿಗೂ ಹೇಳಿದ್ದಾರೆ. ಇವರು ಊಟ ಮಾಡುತ್ತಾರೆ, ತಟ್ಟೆಯನ್ನೇ ನೋಡುತ್ತಾರೆ.

ನಡೆದರೆ ನೆರಳಲ್ಲಿ ನಡಿ.

ಖಾತುನ


ಮಡಗಾಂವ
೨೧ ಏಪ್ರಿಲ್ ೨೦೦೩, ಸೋಮವಾರ

ಖಾತುನಾ,

ನಾನು ವ್ರತ ಬಿಡಲಿಲ್ಲ. ಬಿಡದೆ ಏನಾಯಿತು ಅಂತ ಕೇಳು.

ಮೊದಲ ಸೋಮವಾರ ಗ್ಯಾಸ್ ಹಚ್ಚಲಿಲ್ಲ. ಯಜಮಾನರಿಗೆ ಅವಲಕ್ಕಿ ಮೊಸರು ಕೊಟ್ಟೆ. "ಇದೇನು ಆಸ್ಪತ್ರಿ ಊಟ!" ಅಂದರು. ಆಗ ನಮ್ಮ ಅಂಗಡಿಗೆ ಜೋಳ ಹಸನು ಮಾಡಲು ಬರುವ ಸುಂದರವ್ವ ಜಗುಲಿಯ ಮೇಲೆ ಕೂತಿದ್ದಳು. ಅವಳು ಮೋತಿ ಡೊಂಗರಿನವಳು, ಗುಡ್ಡದ ಮೇಲೆ ತಗಡಿನ ಮನೆ, ಗಂಡ ಗೌಂಡಿ, ಗಾರೆ ಕೆಲಸದವನು. ನಾನು ಅವಳಿಗೆ ವ್ರತದ ಕಥೆಯನ್ನೆಲ್ಲ ಭಾಳ ಠೀವಿಯಿಂದ ಹೇಳಿದೆ. ಅವಳು ಮೊರ ಕೆಳಗಿಟ್ಟು ಹೇಳಿದಳು:

"ಅಕ್ಕಾರ, ಈ ವ್ರತ ನಮ್ಮ ಗುಡ್ಡದ ಮ್ಯಾಲ ಮೊದಲಿಂದಾನೂ ನಡದೈತ್ರಿ. ರೇಷನ್ನಿನ ಚಿಮಣಿ ಎಣ್ಣಿ ತಿಂಗಳು ಅರ್ಧ ಆಗೋದ್ರಾಗ ಖಾಲಿ. ಆಮ್ಯಾಲ ದಿನಾ ಸೋಮವಾರನ. ನಿಮ್ಮ ವ್ರತದಾಗ ಉಳದ ಎಣ್ಣಿ ಯಾರಿಗೆ ಕೊಡಾವ್ರ ಅದೀರಿ?"

ಯಜಮಾನರಂತೂ ಅವಲಕ್ಕಿ ಗಂಟಲಿಗೆ ಸಿಕ್ಕಿ ಕೆಮ್ಮಿ ನಕ್ಕರು. ನಾನೂ ನಕ್ಕೆ. ಆ ತಿಂಗಳಿಂದ ನಮ್ಮ ಕಾರ್ಡಿನ ಚಿಮಣಿ ಎಣ್ಣೆ ಅವಳ ಮನೆಗೆ ಹೋಗುತ್ತಿದೆ. ಓಣಿಯ ಇನ್ನೂ ನಾಲ್ಕಾರು ಮನೆಯವರು ತಮ್ಮದನ್ನು ಗುಡ್ಡದ ಮೇಲಿನವರಿಗೆ ಬಿಟ್ಟುಕೊಟ್ಟರು. ಅದಕ್ಕೆ ಪ್ರತಿಯಾಗಿ ಸುಂದರವ್ವ ನಮಗೆ ಸೋಮವಾರದ ಊಟ ಕಲಿಸಿದಳು. ಭಾನುವಾರ ಬಡಿದಿಟ್ಟ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ನೆನೆಹಾಕಿದ ಹೆಸರುಬೇಳೆ ಕೋಸಂಬರಿ. ಈಗ ಯಜಮಾನರು ಭಾನುವಾರ ರಾತ್ರಿಯಿಂದಲೇ ಸೋಮವಾರದ ದಾರಿ ಕಾಯುತ್ತಾರೆ. ಓಣಿಯ ಹೆಂಗಸರು ತಮ್ಮ ತಮ್ಮ ತಾಟು ತಂದು ನಮ್ಮ ಅಂಗಳದಲ್ಲೇ ಕೂತು ಉಣ್ಣುತ್ತಾರೆ. ಅಡಿಗೆ ಇಲ್ಲದ ದಿನ ಹೆಂಗಸರಿಗೆ ಎಷ್ಟು ಹೊತ್ತು ಉಳಿಯುತ್ತದೆ ಅಂತ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ ನೋಡು.

ಇನ್ನು ದೊಡ್ಡ ಸುದ್ದಿ. ನಾನು ಸೈಕಲ್ ಕಲಿಯುತ್ತಿದ್ದೇನೆ.

ಬೀಳಬೇಡ, ಕೂತು ಓದು. ಎದುರು ಮನೆಯ ಎಸ್ಪೆರಾನ್ಸ ಬಾಯಿ ನಿನಗೆ ನೆನಪಿರಬೇಕು. ನೀನು ಕುವೈತಿಗೆ ಹೋಗುವ ಮೊದಲು ನಮ್ಮ ಮನೆಗೆ ಬಂದಿದ್ದಾಗ ನಿನಗೆ ಪದರು ಪದರಾದ ಆ ಸಿಹಿ, ಬೆಬಿಂಕ ತಿನ್ನಿಸಿದ್ದಳಲ್ಲ, ಅವಳೇ. ಅರವತ್ತು ದಾಟಿದೆ, ಇಂದಿಗೂ ಫ್ರಾಕು ತೊಟ್ಟು ಸೈಕಲ್ ಮೇಲೆ ಇಗರ್ಜಿಗೆ ಪ್ರಾರ್ಥನೆಗೆ ಹೋಗುತ್ತಾಳೆ. ನಾನು ಮಾರುಕಟ್ಟೆಯಿಂದ ಚೀಲ ಹೊತ್ತು ನಡೆದು ಬರುವುದನ್ನು ನೋಡಿ ನೋಡಿ, ಒಂದು ದಿನ ಮಗಳ ಹಳೇ ಸೈಕಲ್ ಹೊರಗೆ ತಂದು ನನ್ನ ಮುಂದೆ ನಿಲ್ಲಿಸಿದಳು. "ಹತ್ತು," ಅಂದಳು ಕನ್ನಡದಲ್ಲಿ. ಅವಳಿಗೆ ಬರುವ ಕನ್ನಡವೇ ಅಷ್ಟು, "ಹತ್ತು" ಮತ್ತು "ಇಳಿ."

ಸೀರೆ ಚೈನಿಗೆ ಸಿಗುತ್ತಿತ್ತು. ನಮ್ಮ ಅಜ್ಜಿ ಉಡುತ್ತಿದ್ದ ಹಾಗೆ ಕಚ್ಚೆ ಹಾಕಿ ಉಟ್ಟೆ. ಬೆಳಗಿನ ಜಾವ ಇಗರ್ಜಿಯ ಮೈದಾನದಲ್ಲಿ ಅವಳು ಹಿಂದಿನಿಂದ ಸೀಟು ಹಿಡಿದು ಓಡುತ್ತಾಳೆ, "ಫುಡೆಂ ಪಳಯ್, ಫುಡೆಂ!" ಅಂತ ಕೂಗುತ್ತಾಳೆ, ಮುಂದೆ ನೋಡು ಅಂತ. ನಾನು ಮುಂದಿನ ಚಕ್ರವನ್ನೇ ನೋಡುತ್ತೇನೆ, ಬೀಳುತ್ತೇನೆ. ಒಮ್ಮೆ ಪಾದ್ರಿಗಳ ಗುಲಾಬಿ ಗಿಡದೊಳಗೆ ಬಿದ್ದೆ. ಮೊಣಕೈ ತರಚಿತು. ಪಾದ್ರಿ ಹೊರಗೆ ಬಂದು ನೋಡಿದರು, ಒಳಗೆ ಹೋಗಿ ಟಿಂಚರ್ ತಂದುಕೊಟ್ಟರು.

ಯಜಮಾನರಿಗೆ ಈ ಸುದ್ದಿ ಅಂಗಡಿಯಲ್ಲಿ ಗಿರಾಕಿಯೊಬ್ಬರಿಂದ ತಿಳಿಯಿತು. ಮನೆಗೆ ಬಂದವರೇ ಟೋಪಿ ತೆಗೆದು ಗೂಟಕ್ಕೆ ಹಾಕಿ, "ನಡೀತೀನಿ ಅಂದಿ, ಹೂಂ ಅಂದೆ. ಒಲಿ ಹಚ್ಚೂದಿಲ್ಲ ಅಂದಿ, ಹೂಂ ಅಂದೆ. ಈಗ ಕಚ್ಚಿ ಹಾಕ್ಕೊಂಡು ಸೈಕಲ್! ಬೆಳಗಾವ್ಯಾಗಿನ ನಮ್ಮ ಮಂದಿಗೆ ನಾ ಹೆಂಗ ಮಾರಿ ತೋರಸ್ಲಿ?" ಅಂದರು.

"ನಿಮ್ಮ ಮಾರಿ ನೋಡಾಕ ಬೆಳಗಾವಿಯಿಂದ ಯಾರು ಬರ್ತಾರ್ರಿ?" ಅಂದೆ. ಎರಡು ದಿನದಿಂದ ಮಾತಿಲ್ಲ. ಪರವಾಗಿಲ್ಲ, ರೊಟ್ಟಿ ಮಾತ್ರ ಕೇಳಿ ಕೇಳಿ ಹಾಕಿಸಿಕೊಳ್ಳುತ್ತಾರೆ.

ಬಾಗ್ದಾದು ಬಿದ್ದಿತು ಅಂತ ಟಿ.ವಿ.ಯಲ್ಲಿ ನೋಡಿದೆ. ಇನ್ನು ರಸ್ತೆ ತೆರೆಯುತ್ತದೆ. ಅಣ್ಣನಿಗೆ ಹೋಗಬೇಡ ಅಂತ ಹೇಳು ಅನ್ನಲು ನಾನು ಯಾರು? ಆದರೂ ಹೇಳು.

ನಿನ್ನ
ದ್ರಾಕ್ಷಿ


ಮಡಗಾಂವ
೧೯ ಮೇ ೨೦೦೩

ಖಾತುನಾ,

ನಿನ್ನಿಂದ ಪತ್ರವಿಲ್ಲ. ನಿನ್ನ ಏಪ್ರಿಲ್ ಪತ್ರ ಬಂದ ಮೇಲೆ ನಾನು ಬರೆಯುತ್ತಿರುವ ಮೂರನೆಯದು ಇದು. ಹಿಂದಿನ ಎರಡೂ ತಲುಪಿವೆಯೋ ಇಲ್ಲವೋ. ಪೋಸ್ಟ್‌ಮನ್ ಪರಶುನನ್ನು ದಿನಾ ಕೇಳುತ್ತೇನೆ. ಮೊದಲು "ಇಲ್ಲ ಬಾಯಿ" ಅನ್ನುತ್ತಿದ್ದ. ಈಗ ದೂರದಿಂದಲೇ ತಲೆ ಅಲ್ಲಾಡಿಸಿ, ನನ್ನ ಮುಖ ನೋಡದೆ ಮುಂದಿನ ಗಲ್ಲಿಗೆ ತಿರುಗುತ್ತಾನೆ.

ನಿನ್ನೆ ಸುಂದರವ್ವ ಗುಡ್ಡದ ಮೇಲಿನ ದರ್ಗಾದಲ್ಲಿ ನಿಮ್ಮಿಬ್ಬರ ಹೆಸರಲ್ಲಿ ಸಕ್ಕರೆ ಓದಿಸಿಕೊಂಡು ಬಂದಳು. ಎಸ್ಪೆರಾನ್ಸ ಬಾಯಿ ಮೇಣದಬತ್ತಿ ಹಚ್ಚಿದ್ದಾಳೆ. ನಾನು ಗುಡಿಗೆ ಸೈಕಲ್ ಮೇಲೆ ಹೋದೆ, ಒಬ್ಬಳೇ, ಬೀಳದೆ. ಹೋಗಿ ಬಂದ ಮೇಲೆ ಮೊದಲು ನಿನಗೇ ಹೇಳಬೇಕು ಅನ್ನಿಸಿತು.

ಹೆಚ್ಚೇನೂ ಬರೆಯಲಾರೆ. ಒಂದು ಖಾಲಿ ಕಾಗದವನ್ನಾದರೂ ಮಡಿಸಿ ಕಳಿಸು.

ದ್ರಾಕ್ಷಿ


ಕುವೈತ್
೧೪ ಜೂನ್ ೨೦೦೩

ದ್ರಾಕ್ಷೀ,

ನಿನ್ನ ಮೂರು ಪತ್ರಗಳೂ ಒಂದೇ ದಿನ ಬಂದವು. ಇವರ ಬಟ್ಟೆ ಒಗೆಯುತ್ತಿದ್ದೆ, ಸುಟ್ಟ ಎಣ್ಣೆಯ ಮಸಿ ಅಂಟಿದ ಬೆರಳಿನಿಂದಲೇ ಬಿಚ್ಚಿದೆ. ಕ್ಷಮಿಸು, ಬರೆಯಲು ಆಗಲಿಲ್ಲ. ಏಪ್ರಿಲ್ ಕೊನೆಗೆ ಇವರು ಗಡಿ ದಾಟಿದರು. ಇವರು ಹೊರಟ ಹೊತ್ತಿನಿಂದ ನನಗೆ ಪೆನ್ನು ಹಿಡಿಯಲು ಕೈ ಏಳಲಿಲ್ಲ.

ಬಂದರು. ಸುರಕ್ಷಿತವಾಗಿ ಬಂದರು. ಆದರೆ ಬಂದವರು ಸ್ನಾನ ಮಾಡಿ, ಮತ್ತೆ ಸ್ನಾನ ಮಾಡಿದರು. ಕೇಳಿದಾಗ ಇಷ್ಟೇ ಹೇಳಿದರು. ರಸ್ತೆಯಂಚಿಗೆ ಒಂದು ಊರು. ಮಕ್ಕಳು, ಮುದುಕರು ಕೈಯಲ್ಲಿ ಖಾಲಿ ಡಬ್ಬಿ ಹಿಡಿದು ಟ್ಯಾಂಕರಿನ ಜೊತೆ ಓಡಿ ಬಂದರಂತೆ. ಅವರು ಕೂಗುತ್ತಿದ್ದದ್ದು "ಮಾಯ್, ಮಾಯ್" ಅಂತ. ನೀರು, ನೀರು ಅಂತ ಅದರ ಅರ್ಥ. "ನನ್ನ ಬೆನ್ನ ಹಿಂದ ಅಷ್ಟು ದೊಡ್ಡ ಟ್ಯಾಂಕರ್ ಇತ್ತು ಖಾತು," ಅಂದರು, "ಅದರಾಗ ಒಂದು ಹನಿ ನೀರಿರಲಿಲ್ಲ."

ಅದಾದ ಮೇಲೆ ನಿನ್ನ ಪತ್ರಗಳು ಬಂದವು. ಗುಲಾಬಿ ಗಿಡದ ಪ್ರಸಂಗವನ್ನು ಜೋರಾಗಿ ಓದಿದೆ. ಎಷ್ಟೋ ದಿನದ ಮೇಲೆ ಇವರು ನಕ್ಕರು. ಮರುದಿನ ಕಂಪನಿಗೆ ಹೋಗಿ, ಮತ್ತೆ ಉತ್ತರಕ್ಕೆ ಡೀಸೆಲ್ ಒಯ್ಯುವುದಿಲ್ಲ ಅಂತ ಹೇಳಿಬಿಟ್ಟರು. ನಿನ್ನ ಪತ್ರದಿಂದಲೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನೀನು ಸೈಕಲ್ ಮೇಲೆ ಇಲ್ಲಿಗೇ ಬಂದುಬಿಡುತ್ತೀ. ಮ್ಯಾನೇಜರ್ ಕೂಗಾಡಿದ. ಇವರನ್ನು ಅಂಗಳದಲ್ಲಿ ಗಾಡಿ ತೊಳೆಯಲು ಹಾಕಿದ. ಒಂದು ವಾರ ತೊಳೆದರು. ಆಮೇಲೆ ಪರಿಹಾರ ಸಂಸ್ಥೆಯವರು ಕುಡಿಯುವ ನೀರು ಒಯ್ಯಲು ಡ್ರೈವರುಗಳನ್ನು ಕೇಳಿಕೊಂಡು ಬಂದಾಗ, ಮೊದಲು ಕೈ ಎತ್ತಿದವರು ಇವರೇ. ಈಗ ವಾರಕ್ಕೊಮ್ಮೆ ಅದೇ ರಸ್ತೆಯಲ್ಲಿ ಅದೇ ಊರಿಗೆ ಹೋಗುತ್ತಾರೆ, ನೀರಿನ ಟ್ಯಾಂಕರ್ ತೆಗೆದುಕೊಂಡು. ಭಯ ನನಗೆ ಇದ್ದೇ ಇದೆ. ಆದರೆ ಈಗ ಊಟಕ್ಕೆ ಕೂತಾಗ ತಟ್ಟೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ.

ನಿನ್ನ ಸೋಮವಾರದ ಊಟದ ವರ್ಣನೆ ಓದಿ ನನಗೆ ಏನಾಗಿದೆ ಅಂದರೆ, ಹಗಲೂ ರಾತ್ರಿ ಗುರೆಳ್ಳು ಚಟ್ನಿಯದೇ ಧ್ಯಾನ. ನಿನ್ನೆ ಉಪ್ಪಿನಕಾಯಿ ಬಾಟಲಿಯನ್ನು ಬೆರಳಿನಿಂದ ಬಳಿದು ಮುಗಿಸಿದೆ. ಯಾರ ಕೈಯಲ್ಲಾದರೂ ಸ್ವಲ್ಪ ಚಟ್ನಿ ಕಳಿಸಲಾದೀತೆ?

ಎಸ್ಪೆರಾನ್ಸ ಬಾಯಿಗೂ ಸುಂದರವ್ವನಿಗೂ ನನ್ನ ಸಲಾಮು ತಿಳಿಸು. ನಿಮ್ಮ ಮನೆಯ ಅಣ್ಣಾವರ ಜೊತೆ ಮಾತು ಶುರುವಾಯಿತೆ?

ನಿನ್ನವಳೇ
ಖಾತುನ


ಮಡಗಾಂವ
೨೪ ಜೂನ್ ೨೦೦೩

ಖಾತುನಾ,

ಪರಶು ನಿನ್ನ ಪತ್ರವನ್ನು ಓಣಿಯ ತುದಿಯಿಂದಲೇ ಮೇಲೆತ್ತಿ ಹಿಡಿದು ಓಡುತ್ತ ಬಂದ. ನಾನು ಅಳಲು ಶುರು ಮಾಡಿದೆ, ಅದನ್ನು ನೋಡಿ ಕೆಟ್ಟ ಸುದ್ದಿಯೆಂದು ಸುಂದರವ್ವ ಅತ್ತಳು, ಯಾಕೆ ಅಳುತ್ತೇವೆಂದು ತಿಳಿಯದೆ ಎಸ್ಪೆರಾನ್ಸ ಬಾಯಿಯೂ ಅತ್ತಳು. ಕೊನೆಗೆ ಯಜಮಾನರೇ ಪತ್ರ ಕಸಿದುಕೊಂಡು ಓದಿ, "ಏ, ಎಲ್ಲಾ ಆರಾಮ ಅದಾರ, ಕಣ್ಣೀರು ಉಳಸ್ರಿ!" ಅಂತ ಗದರಿಸಿದರು. ಗದರಿಸುತ್ತಲೇ ಪಂಚೆಯ ತುದಿಯಿಂದ ತಮ್ಮ ಕಣ್ಣು ಒರೆಸಿಕೊಂಡರು.

ರಾಜಮಹ್ಮದ ಅಣ್ಣನಿಗೆ ಹೇಳು, ಅವರು ಊರಿಗೆ ಬಂದಾಗ ಮಡಗಾಂವದ ಗುಡ್ಡದ ಮೇಲಿನ ಹೆಂಗಸರೆಲ್ಲ ಅವರ ಪಾದ ತೊಳೆಯುತ್ತಾರಂತೆ. ಗುಡ್ಡದ ಮೇಲೆ ನೀರಿನ ಟ್ಯಾಂಕರಿಗೆ ಕಾಯುವುದೆಂದರೆ ಏನು ಅಂತ ಅವರಿಗೆ ಗೊತ್ತು.

ಹೌದು, ಮಾತು ಶುರುವಾಯಿತು. ಅದು ಹೇಗೆ ಅಂದರೆ, ನಾನು ಧಾರವಾಡ ರೇಡಿಯೋದ ಮಹಿಳೆಯರ ಕಾರ್ಯಕ್ರಮಕ್ಕೆ ಒಂದು ಕಾರ್ಡು ಬರೆದಿದ್ದೆ. ಹೊರಗಿನ ಯುದ್ಧಕ್ಕೆ ನಾವು ಮನೆಯವರು ಏನು ಮಾಡಲಾದೀತು ಅಂತ ನೀವು ಕೇಳಿದಿರಿ, ನಾವು ಸೋಮವಾರ ಒಲೆ ಹಚ್ಚುವುದಿಲ್ಲ, ಉಳಿದದ್ದನ್ನು ಇಲ್ಲದವರಿಗೆ ಕೊಡುತ್ತೇವೆ, ಪೇಟೆಗೆ ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಹೋಗುತ್ತೇವೆ, ನಾಡಿನ ಮನೆಮನೆಯೂ ವಾರಕ್ಕೊಂದು ದಿನ ಹೀಗೆ ಮಾಡಿದರೆ ಎಷ್ಟು ಹಡಗು ಎಣ್ಣೆ ಉಳಿದೀತು ಅಂತ ಲೆಕ್ಕ ಬಲ್ಲವರು ಹೇಳಿ, ಅಂತ. ಅವರು ಅದನ್ನು ಪೂರ್ತಿ ಓದಿಬಿಟ್ಟರು! ಅಂಗಡಿಯಲ್ಲಿ ರೇಡಿಯೋ ಹಾಕಿದ್ದರು. ನನ್ನ ಹೆಸರು ಬಂದಾಗ ಯಜಮಾನರ ಕೈಯಿಂದ ತಕ್ಕಡಿಯ ಮೆಣಸಿನಕಾಯಿ ಚೆಲ್ಲಿ, ಗಿರಾಕಿಗಳೆಲ್ಲ ಸೀನತೊಡಗಿದರು.

ಆಮೇಲೆ ಕಾರ್ಡುಗಳು ಬರತೊಡಗಿದವು. ಗದಗಿನಿಂದ, ಇಳಕಲ್ಲಿನಿಂದ, ಕಾರವಾರದಿಂದ. ನಾವೂ ಸೋಮವಾರ ಹಿಡಿದೆವು, ನಾವು ಗುರುವಾರ ಹಿಡಿದೆವು, ನಮ್ಮದು ಶುಕ್ರವಾರ ಅಂತ. ಖಾನಾಪುರದ ಒಂದು ಶಾಲೆಯ ಮಾಸ್ತರುಗಳೆಲ್ಲ ವಾರಕ್ಕೊಮ್ಮೆ ಸೈಕಲ್ ಮೇಲೆ ಬರುತ್ತಾರಂತೆ. ಹೆಡ್‌ಮಾಸ್ತರರು ಮೊದಲ ದಿನವೇ ಬಾವಿಕಟ್ಟೆಗೆ ಗುದ್ದಿದರಂತೆ. ಅವರೇ ಬರೆದಿದ್ದಾರೆ. ಅಮೀರಬಿ ಅನ್ನುವ ಮುದುಕಿ ಮೊಮ್ಮಗಳ ಕೈಯಲ್ಲಿ ಬರೆಸಿದ್ದಾಳೆ: "ನನ್ನ ಮಗನೂ ಆ ಕಡೆ ಇದ್ದಾನೆ ತಾಯಿ, ನಿನ್ನ ಗೆಳತಿಯ ಜೊತೆ ಅವನ ಹೆಸರನ್ನೂ ಸೇರಿಸಿಕೋ." ಸೇರಿಸಿಕೊಂಡೆ.

ಒಂದು ಕಾರ್ಡು ಮಾತ್ರ ಬೇರೆ ಥರದ್ದು. ಹೆಸರಿಲ್ಲ. "ಹೆಂಗಸರು ಕಚ್ಚೆ ಕಟ್ಟಿ ಸೈಕಲ್ ಹೊಡೆದರೆ ದೇಶದ ಎಣ್ಣೆ ಉಳಿಯುವುದಿಲ್ಲ, ಮನೆಯ ಮಾನ ಹೋಗುತ್ತದೆ. ನಿನ್ನ ಗಂಡನಿಗೆ ನಾಚಿಕೆ ಇಲ್ಲವೆ?" ನಾನು ಅದನ್ನು ಬಚ್ಚಿಡುವ ಮೊದಲೇ ಯಜಮಾನರು ಓದಿಬಿಟ್ಟರು. ಅವರ ಕಿವಿ ಕೆಂಪಾದವು. ನಾನು, ಮುಗಿಯಿತು, ಇನ್ನು ಸೈಕಲ್ ಬಂದ್ ಅಂದುಕೊಂಡೆ. ಅವರು ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ, "ನನ್ನ ಹೇಣ್ತಿ! ನನ್ನ ಮನಿ! ನಾಚಿಕಿ ಆಗಬೇಕಾದ್ರ ನನಗ ಆಗಬೇಕು. ಇಂವ ಯಾಂವ?" ಅಂದರು. ಉತ್ತರ ಬರೆಯಲು ಕೂತರು. ವಿಳಾಸವಿಲ್ಲದ್ದರಿಂದ ಇನ್ನಷ್ಟು ಸಿಟ್ಟು ಬಂತು.

ಮುಂದಿನ ವಾರ ಬೆಳಗಾವಿಯಿಂದ ಜೋಳದ ಲೋಡು ಬಂತು. ಚೀಲಗಳ ಮೇಲೆ ಹಗ್ಗ ಬಿಗಿದು ಮಲಗಿಸಿದ್ದು ಒಂದು ಹೊಸ ಲೇಡೀಸ್ ಸೈಕಲ್. ಹಸಿರು ಬಣ್ಣ, ಮುಂದೆ ಬುಟ್ಟಿ. ಲಾರಿ ಹೇಗೂ ಬರುವುದಿತ್ತು, ಅದಕ್ಕೆಂದು ಬೇರೆ ಎಣ್ಣೆ ಸುಟ್ಟಿಲ್ಲ ಅಂತ ಮೂರು ಸಲ ಹೇಳಿದರು. "ಮಂದಿ ಸೈಕಲ್ ಎಷ್ಟು ದಿನ ಹೊಡೀತಿ? ಚೈನ್ ಕವರ್ ಐತಿ ನೋಡು ಇದಕ್ಕ, ಸೀರಿ ಸಿಗೂದಿಲ್ಲ," ಅಂತ ಬೇರೆಲ್ಲೋ ನೋಡುತ್ತ ಹೇಳಿದರು. ಮದುವೆಯಾಗಿ ಹದಿನೆಂಟು ವರ್ಷಗಳಲ್ಲಿ ಅವರು ನನಗೆ ಕೇಳದೆ ತಂದುಕೊಟ್ಟದ್ದು ಇದೇ ಮೊದಲು. ನಾನು ಬೆಲ್ಲು ಬಾರಿಸಿದೆ. ಓಣಿಯ ಮಕ್ಕಳೆಲ್ಲ ಬಂದು ಬಾರಿಸಿದರು. ಮಳೆ ಶುರುವಾಗಿದೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಹೋಗುವುದನ್ನು ಇನ್ನೂ ಕಲಿಯಬೇಕು. ಸದ್ಯ ನೆನೆದೇ ಬರುತ್ತೇನೆ, ಭಾಳ ಚಲೋ ಅನ್ನಿಸುತ್ತದೆ.

ಯುದ್ಧ ಮುಗಿಯಿತು ಅಂತಾರೆ, ಆದರೂ ದಿನಾ ಸತ್ತವರ ಸುದ್ದಿ ಬರುತ್ತದೆ. ಅದಕ್ಕೇ ನಮ್ಮ ಸೋಮವಾರವನ್ನೂ ಯಾರೂ ಬಿಟ್ಟಿಲ್ಲ.

ಗುರೆಳ್ಳು ಚಟ್ನಿ ಕಳಿಸಿದ್ದೇನೆ. ಉಪ್ಪಿನಕಾಯಿಯನ್ನು ಬೆರಳಿನಿಂದ ಬಳಿಯುವವಳಲ್ಲವಲ್ಲ ನೀನು? ಇರಲಿ, ನಾನೇನೂ ಕೇಳುವುದಿಲ್ಲ.

ದ್ರಾಕ್ಷಿ


ಕುವೈತ್
೨೦ ಜುಲೈ ೨೦೦೩

ದ್ರಾಕ್ಷೀ,

ಚಟ್ನಿ ಬಂತು. ಮೂರೇ ದಿನ ಉಳಿಯಿತು.

ನೀನು ಕೇಳಲಿಲ್ಲ, ಅದಕ್ಕೇ ನನಗೆ ನಿನ್ನ ಮೇಲೆ ಇಷ್ಟು ಪ್ರೀತಿ. ನಾನೂ ಈಗ ಹೇಳುವುದಿಲ್ಲ. ಹಿಂದೆ ಎರಡು ಸಲ ಅವಸರದಿಂದ ಹೇಳಿ ಏನಾಯಿತು ಅಂತ ನಿನಗೆ ಗೊತ್ತು.

ಬರುತ್ತಿದ್ದೇನೆ. ನಾನೊಬ್ಬಳೇ. ಇವರ ಕರಾರು ಮುಗಿಯಲು ಇನ್ನೂ ಕೆಲವು ತಿಂಗಳಿದೆ, ಆ ಊರಿನವರೂ ಇವರನ್ನು ಬಿಡುತ್ತಿಲ್ಲ. ಆಗಸ್ಟ್ ಹದಿನೆಂಟು, ಸೋಮವಾರ, ಮುಂಬಯಿ ಮೇಲೆ ದಾಬೋಲಿಮ್ ವಿಮಾನ ನಿಲ್ದಾಣಕ್ಕೆ. ಮಧ್ಯಾಹ್ನ ಇಳಿಯುತ್ತೇನೆ. ನಿನ್ನ ಮನೆಯಲ್ಲಿ ನಾಲ್ಕು ದಿನ ಇದ್ದು ಧಾರವಾಡಕ್ಕೆ ಅವ್ವನ ಹತ್ತಿರ ಹೋಗುತ್ತೇನೆ.

ದಾಬೋಲಿಮ್ ನಿನ್ನ ಮನೆಯಿಂದ ಎಷ್ಟು ದೂರ ಅಂತ ನನಗೆ ಗೊತ್ತಿದೆ. ನೀನು ಬರಬೇಡ. ಅಣ್ಣಾವರನ್ನು ಕಳಿಸು, ಸಾಕು. ನಡುವೆ ಗುಡ್ಡವಿದೆ, ಮಳೆಗಾಲ. ಈ ಸಲವಾದರೂ ನನ್ನ ಮಾತು ಕೇಳು.

ಖಾತುನ


ಮಡಗಾಂವ
೧೯ ಆಗಸ್ಟ್ ೨೦೦೩

ನಮ್ಮವರಿಗೆ,

ನಿಮ್ಮ ಖಾತು ಮಾಡುವ ಸಲಾಮು. ಸುಖವಾಗಿ ತಲುಪಿದ್ದೇನೆ. ಫೋನಿನಲ್ಲಿ ಒಂದು ನಿಮಿಷದಲ್ಲಿ ಹೇಳಿದ್ದು ಸುದ್ದಿ ಅಷ್ಟೇ. ಕಥೆ ಇಲ್ಲಿದೆ. ನೀರು ಒಯ್ಯುವಾಗ ದಾರಿಯಲ್ಲಿ ಜೊತೆಯವರಿಗೂ ಓದಿ ಹೇಳಿ.

ವಿಮಾನ ಇಳಿದು ಹೊರಗೆ ಬಂದೆ. ಸಾಮಾನಿನ ಗಾಡಿ ನೂಕುತ್ತ ಬಾಗಿಲಲ್ಲಿ ನಮ್ಮ ದ್ರಾಕ್ಷಿಯ ತಿಪ್ಪಣ್ಣ ಅಣ್ಣಾವರನ್ನು ಹುಡುಕಿದೆ. ಕಾಣಲಿಲ್ಲ. ಆಚೆ ಪೊಲೀಸನೊಬ್ಬ ಇಬ್ಬರೊಡನೆ ಜಗಳವಾಡುತ್ತಿದ್ದ. ಒಬ್ಬರು ದಪ್ಪ ಹೊಟ್ಟೆಯ, ತೊಯ್ದ ಧೋತರದವರು, ಇನ್ನೊಬ್ಬಳು ಕಚ್ಚೆ ಹಾಕಿದ, ಮೊಣಕಾಲ ತನಕ ಕೆಂಪು ಕೆಸರು ಮೆತ್ತಿದ ಹೆಂಗಸು. ಇಬ್ಬರ ಕೈಯಲ್ಲೂ ಒಂದೊಂದು ಸೈಕಲ್. ಪೊಲೀಸ, ಸೈಕಲ್ ಇಲ್ಲಿ ನಿಲ್ಲಿಸುವಂತಿಲ್ಲ ಅನ್ನುತ್ತಿದ್ದ. ಅವಳು, "ಕಾರ್ ನಿಂತಾವಲ್ಲ, ಅವು ನಿಮ್ಮ ಮಾವನ ಮನಿಯವೇನು?" ಅಂತ ಕೇಳುತ್ತಿದ್ದಳು. ಆ ದನಿ ಕೇಳಿ ನಾನು ಗಾಡಿ ಬಿಟ್ಟು ಓಡಿದೆ. ಓಡಬಾರದು ಅಂತ ಡಾಕ್ಟರಮ್ಮ ಹೇಳಿದ್ದು ಆಮೇಲೆ ನೆನಪಾಯಿತು.

ದ್ರಾಕ್ಷಿ ಕೈ ಚಾಚಿ ಬಂದವಳು ನಡುವೆಯೇ ನಿಂತುಬಿಟ್ಟಳು. ನನ್ನ ಹೊಟ್ಟೆ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ನನ್ನನ್ನು ಹಿಡಿದುಕೊಂಡಳು. ನನ್ನ ಹೊಸ ಬುರ್ಖಾ ತುಂಬ ಕೆಸರು. ಪೊಲೀಸ ಸೈಕಲ್ ವಿಷಯವನ್ನೇ ಮರೆತ.

ಅವರಿಬ್ಬರೂ ಬೆಳಗಿನ ಜಾವ ಹೊರಟಿದ್ದರಂತೆ. ವೆರ್ಣಾ ಗುಡ್ಡದಲ್ಲಿ ಅಣ್ಣಾವರು ಇಳಿದು, ಸೈಕಲ್ಲನ್ನು ತಾವು ನೂಕಿದರೋ, ಸೈಕಲ್ಲು ತಮ್ಮನ್ನು ನೂಕಿತೋ ತಿಳಿಯಲಿಲ್ಲ ಅಂತ ಹೇಳಿದರು. "ನೀವ್ಯಾಕ ಬಂದ್ರಿ ಅಣ್ಣಾರ?" ಅಂದೆ. "ಒಬ್ಬಾಕಿನ್ನ ಹೆಂಗ ಬಿಡ್ಲಿ ತಂಗಿ? ರೇಡಿಯೋದಾಗ ಹೆಸರು ಬಂದಾಕಿ," ಅಂದರು.

ನನಗಾಗಿ ಟ್ಯಾಕ್ಸಿ ಹೇಳಿದ್ದರು. ದ್ರಾಕ್ಷಿ ಹತ್ತಲಿಲ್ಲ. ವ್ರತ ಹೊಸ್ತಿಲು ದಾಟುವ ತನಕ, ವಿಮಾನ ನಿಲ್ದಾಣದ ತನಕ ಅಲ್ಲ ಅಂದಳು. ನಾನು ಬೇಡಿಕೊಂಡೆ. ಟ್ಯಾಕ್ಸಿಯವನು ಕೊಂಕಣಿಯಲ್ಲಿ ಬೇಡಿಕೊಂಡ. ಕೊನೆಗೆ ಸ್ವಲ್ಪ ದೂರ ಕಾರು ನಿಧಾನವಾಗಿ, ಅವಳ ಸೈಕಲ್ ಪಕ್ಕಕ್ಕೆ, ಹೀಗೆ ಹೊರಟೆವು. ಕಿಟಕಿಯಿಂದ ಮಾತಾಡುತ್ತಿದ್ದೆವು. ಒಂದು ತಿರುವಿನಲ್ಲಿ ಅವಳೇ ಡ್ರೈವರನನ್ನು ಬಯ್ದಳು: "ಹಿಂಗ ತೆವಳಿದ್ರ ಎಣ್ಣಿ ಎಷ್ಟು ಸುಡತೈತಿ ಗೊತ್ತೈತೇನು? ಜೋರಾಗಿ ಹೋಗು!" ನಾನು ಮುಂದೆ ಬಂದೆ.

ಓಣಿಗೆ ಬಂದು ಇಳಿದಾಗ ಹೆಂಗಸರೆಲ್ಲ ಆರತಿ ಹಿಡಿದು ನಿಂತಿದ್ದರು. ಸುಂದರವ್ವ ನನ್ನ ಹೊಟ್ಟೆ ನೋಡಿದ್ದೇ, ಆರತಿ ತಟ್ಟೆಯನ್ನು ಪಕ್ಕದವಳಿಗೆ ಕೊಟ್ಟು, ಎರಡೂ ಕೈಯಿಂದ ನನ್ನ ಮುಖ ನೀವಿ ನೆಟಿಗೆ ಮುರಿದಳು. "ಒಳಗ ಬರ್ರಿ," ಅಂದರು. ನಾನು ಹೋಗಲಿಲ್ಲ. ಐದು ತಿಂಗಳು ಈ ಹೊಸ್ತಿಲಿಗಾಗಿ ನಡೆದವಳು ದಾರಿಯಲ್ಲಿರುವಾಗ, ಕಾರಿನಲ್ಲಿ ಬಂದ ನಾನು ಮೊದಲು ದಾಟುವುದು ಸರಿಯಲ್ಲ ಅನ್ನಿಸಿತು. ಎದುರಿನ ಎಸ್ಪೆರಾನ್ಸ ಬಾಯಿಯ ಮನೆಯ ಮುಂದಿನ ಕಲ್ಲಿನ ಜಗುಲಿಯ ಮೇಲೆ ಕೂತೆ. ಮಳೆ ಬಂತು, ನಿಂತಿತು, ಮತ್ತೆ ಬಂತು. ಬಾಯಿ ನನ್ನ ಬೆನ್ನಿಗೆ ದಿಂಬು ಇಟ್ಟು "ಹತ್ತು, ಇಳಿ" ಅಂತ ಏನೇನೋ ಉಪಚಾರ ಮಾಡಿದಳು. ಹೆಂಗಸರೆಲ್ಲ ನನ್ನ ಸುತ್ತ ಕೂತರು. ಯಾರೂ ಮನೆಗೆ ಹೋಗಲಿಲ್ಲ.

ಸಂಜೆಯ ಮಬ್ಬಿಗೆ ಓಣಿಯ ತುದಿಯಲ್ಲಿ ಬೆಲ್ಲು ಕೇಳಿಸಿತು. ಮಕ್ಕಳು ಕೂಗುತ್ತ ಓಡಿದರು. ಅವಳು ಬಂದಳು, ನೆತ್ತಿಯಿಂದ ನೀರು ಇಳಿಯುತ್ತಿತ್ತು. ಹಿಂದೆ ಅಣ್ಣಾವರು, ಸೈಕಲ್ ನೂಕಿಕೊಂಡು. ನಾನು ಹೊರಗೇ ಕೂತದ್ದನ್ನು ನೋಡಿ ಅವಳು, "ಬಸರಿ ಹೆಂಗಸು ಚಳ್ಯಾಗ ಕುಂತಾಳ! ನಿಮಗ ಯಾರಿಗೂ ಬುದ್ಧಿ ಇಲ್ಲೇನು?" ಅಂತ ಇಡೀ ಓಣಿಯನ್ನು ಬಯ್ದಳು. ಬಯ್ಯುತ್ತಲೇ ನನ್ನ ಕೈ ಹಿಡಿದಳು. ಇಬ್ಬರೂ ಬಲಗಾಲಿಟ್ಟು ಒಟ್ಟಿಗೇ ದಾಟಿದೆವು. ಹೊಸ್ತಿಲು ಅಷ್ಟು ಅಗಲವಿಲ್ಲ, ನಾನೀಗ ಇರುವ ಗಾತ್ರಕ್ಕೆ ಸ್ವಲ್ಪ ಒದ್ದಾಡಬೇಕಾಯಿತು.

ಒಳಗೆ ಬಂದ ಮೇಲೆ ಹೊಸ ಪೇಚು. ನನಗೆ ಬಿಸಿ ಚಹಾ ಬೇಕಿತ್ತು. ವ್ರತ ಮುಗಿಯಿತು, ಗ್ಯಾಸ್ ಹಚ್ಚಿ ಅಂತ ಕೆಲವರು. ಮುಗಿದಿರಬಹುದು, ಆದರೆ ಇಂದು ಸೋಮವಾರ, ಅದೂ ಶ್ರಾವಣದ್ದು ಅಂತ ಕೆಲವರು. ವಾದ ಜೋರಾಯಿತು. ಸುಂದರವ್ವ ಸದ್ದಿಲ್ಲದೆ ಎದುರು ಮನೆಗೆ ಹೋಗಿ, ಸ್ನಾನದ ನೀರು ಕಾಯಿಸುವ ಒಲೆಗೆ ತೆಂಗಿನ ಕರಟ ತುಂಬಿ, ಅದರ ಮೇಲೆ ಚಹಾ ಕುದಿಸಿ ತಂದಳು. ಹೊಗೆಯ ವಾಸನೆಯ ಚಹಾ. ನೀವು ಇದ್ದಿದ್ದರೆ ಎರಡು ಲೋಟ ಕುಡಿಯುತ್ತಿದ್ದಿರಿ.

ಮಲಗುವಾಗ ಅವಳ ಕಾಲಿಗೆ ಎಣ್ಣೆ ಹಚ್ಚುತ್ತ ಕೇಳಿದೆ, "ಇನ್ನ ಮುಗೀತಲ್ಲ ದ್ರಾಕ್ಷಿ. ನಾಳಿಯಿಂದ ಅಣ್ಣಾರ ಜೋಡಿ ಸ್ಕೂಟರ್ ಹತ್ತತಿ. ಈ ಸೈಕಲ್ ಏನು ಮಾಡ್ತಿ?"

ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು, "ವ್ರತ ನಿಂದಿತ್ತು ಖಾತು. ಸೈಕಲ್ ನಂದು."

ಈಗ ಬೆಳಗಾಗಿದೆ. ಅವಳು ಇಲ್ಲ. ಮೀನು ಮಾರುಕಟ್ಟೆಯ ಕಡೆ ಎಳನೀರು ಚಲೋ ಸಿಗುತ್ತದಂತೆ, ನನಗೆ ತರಲು ಹೋಗಿದ್ದಾಳೆ. ಅಣ್ಣಾವರು ಮಾತ್ರ ಕಾಲು ನೋವೆಂದು ಹಾಸಿಗೆಯಿಂದ ಏಳಲು ಒಲ್ಲೆ ಅನ್ನುತ್ತಿದ್ದಾರೆ, ಅಂಗಡಿ ತೆರೆಯಲು ಸುಂದರವ್ವನಿಗೆ ಕೀಲಿ ಕೊಟ್ಟಿದ್ದಾರೆ. ನೀವು ನಿಧಾನವಾಗಿ ಗಾಡಿ ಓಡಿಸಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಒಳಗಿರುವವನೋ ಒಳಗಿರುವವಳೋ ಈಗಷ್ಟೇ ಒದ್ದಿತು. ಹೊಗೆ ಚಹಾ ರುಚಿಸಿರಬೇಕು.

ನಿಮ್ಮ
ಖಾತು